ಸುಳ್ಯದ ಅಂಗಡಿಯಲ್ಲಿ ನನ್ನ ಎಡಗೈ

ಕಡಬದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಬ್ಯಾರಿ ಗೃಹಸ್ಥರೊಬ್ಬರು ಒಂದು ಬೆಳಿಗ್ಗೆ ಪುತ್ತೂರಿನ ನನ್ನ ಅಂಗಡಿಗೆ ಬಂದರು. ದುಬೈಯಿಂದ ರಜೆಯಲ್ಲಿ ಬಂದವರು. ಹಿಂತಿರುಗುವುದರೊಳಗೆ ಮನೆ ಒಕ್ಕಲು ಮುಗಿಸಬೇಕು, ಗೇಟಿನ ಕಂಬಕ್ಕೆ ಮನೆಯ ಹೆಸರಿನ ಫಲಕ ಆಗಬೇಕು ಎಂದರು. ನನ್ನ ಕಸುಬು ಅದೇ. ಹಲಸಿನ ಹಲಗೆಯನ್ನು ನಯ ಮಾಡಿಸಿ, ಅದರ ಮೇಲೆ ಮನೆಯ ಹೆಸರನ್ನು ಕುಂಚದಲ್ಲಿ ಬರೆದು ಕೊಡುತ್ತೇನೆ. ಯಂತ್ರದಲ್ಲಿ ಕೊರೆದ ಅಕ್ಷರ ನನ್ನಲ್ಲಿ ಸಿಗುವುದಿಲ್ಲ. ಅವರು ಗೋಡೆಯಲ್ಲಿ ತೂಗಿದ್ದ ಫಲಕಗಳನ್ನು ಒಂದೊಂದಾಗಿ ನೋಡಿದರು, ಒಂದರ ಅಂಚನ್ನು ಬೆರಳಲ್ಲಿ ಸವರಿದರು. ಆಮೇಲೆ, ನನಗೆ ಬೇಸರವಾಗಬಾರದು ಎನ್ನುವ ಹಾಗೆ ಸ್ವರ ತಗ್ಗಿಸಿ ಕೇಳಿದರು:

"ನೀವು ಸುಳ್ಯದವರದ್ದು ನೋಡಿ ಶುರು ಮಾಡಿದ್ದಾ ಇದು?"

ನನಗೆ ಅರ್ಥವಾಗಲಿಲ್ಲ. ಯಾವ ಸುಳ್ಯದವರು ಎಂದು ಕೇಳಿದೆ. ಅವರು ಮೊಬೈಲು ತೆಗೆದು ಸುಳ್ಯದ ಒಂದು ಫಲಕದ ಅಂಗಡಿಯ ವೆಬ್‌ಸೈಟಿನ ಪುಟ ತೋರಿಸಿದರು.

"ಅವರದ್ದರಲ್ಲಿ ಸಹ ಇದೇ ಕತೆ ಉಂಟಲ್ಲ, ಎಡಗೈಯದ್ದು. ನಾನು ಮೊದಲು ಓದಿದ್ದು ಅದನ್ನೇ. ಬರೆಯುದಾದ್ರೆ ಸ್ವಂತದ್ದು ಬರೀಬೇಕಲ್ವಾ ಮಾರಾಯ್ರೆ."

ಮತ್ತೆ ತಿಳಿಸುತ್ತೇನೆ ಎಂದು ಹೇಳಿ ಅವರು ಹೊರಟುಹೋದರು. ನಾನು ಅಂಗಡಿಯ ಸ್ಟೂಲಿನಲ್ಲಿ ಕುಳಿತು ಆ ಪುಟವನ್ನು ನನ್ನ ಫೋನಿನಲ್ಲಿ ತೆರೆದೆ.

ಅದರಲ್ಲಿದ್ದದ್ದು ನನ್ನದೇ ಮಾತು. ಹಿಂದಿನ ಮಳೆಗಾಲದ ಆಟಿ ತಿಂಗಳಲ್ಲಿ, ಮದುವೆ, ಒಕ್ಕಲು ಯಾವುದೂ ಇಲ್ಲದೆ ಕೈ ಖಾಲಿಯಿದ್ದಾಗ, ಅಂಗಡಿಯಲ್ಲೇ ಕೂತು ನನ್ನ ವೆಬ್‌ಸೈಟಿಗೆಂದು ಹೊಡೆದು ತಿದ್ದಿ ಬರೆದದ್ದು. ನಾನು ಎಡಚಿ. ಒಂದನೇ ಕ್ಲಾಸಿನಲ್ಲಿ ಟೀಚರು ನನ್ನ ಎಡಗೈಯನ್ನು ಡೆಸ್ಕಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಬರೆಸುತ್ತಿದ್ದರು. ನನ್ನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಈಶ್ವರಮಂಗಲದಲ್ಲಿ ನನ್ನ ಸೋದರತ್ತೆಗೆ ಒಂದು ಟೈಲರ್ ಅಂಗಡಿ ಇತ್ತು. ರಜೆಯಲ್ಲಿ ಅಲ್ಲಿಗೆ ಹೋದಾಗ ಅತ್ತೆ ಉಳಿದ ಬಟ್ಟೆಯ ತುಂಡೊಂದನ್ನು ನೆಲದಲ್ಲಿ ಹರಡಿ, ಗುರುತು ಹಾಕುವ ಸೀಮೆಸುಣ್ಣವನ್ನು ನನ್ನ ಎಡಗೈಗೆ ಕೊಟ್ಟು, ಇಲ್ಲಿ ಯಾವ ಕೈಯಲ್ಲಿ ಬರೆದರೂ ಒಗೆದರೆ ಹೋಗುತ್ತದೆ, ಬರೆ ಎಂದಿದ್ದರು. ನಾನು ಅಕ್ಷರ ಕಲಿತದ್ದು ಆ ನೆಲದಲ್ಲಿ. ನನ್ನ ಪುಟದಲ್ಲಿ ಬರೆದದ್ದು ಇಷ್ಟೇ.

ಸುಳ್ಯದ ಪುಟದಲ್ಲಿ ಪುತ್ತೂರು ಹೋಗಿ ಸುಳ್ಯ ಆಗಿತ್ತು, ಈಶ್ವರಮಂಗಲದ ಜಾಗದಲ್ಲಿ ಆಲೆಟ್ಟಿ ಕೂತಿತ್ತು. ಅತ್ತೆ ಹಾಗೆಯೇ ಇದ್ದರು. ಕೊನೆಯಲ್ಲಿ 'ಮಂಗಳವಾರ ಅಂಗಡಿಗೆ ರಜೆ' ಎಂಬುದು ಕೂಡ ಇತ್ತು. ಮಂಗಳವಾರ ನಾನು ಮರದ ಮಿಲ್ಲಿಗೆ ಹೋಗಿ ಹಲಗೆ ಆರಿಸುವ ದಿನ, ಅದಕ್ಕಾಗಿ ರಜೆ. ಅವರಿಗೆ ಆ ದಿನ ಎಂತಕ್ಕೆ ರಜೆ?

ಗಂಡ ಸಂಜೆ ಸೊಸೈಟಿಯ ಕೆಲಸ ಮುಗಿಸಿ ಬಂದಾಗ ತೋರಿಸಿದೆ. ಅವರು ಎರಡೂ ಪುಟಗಳನ್ನು ಓದಿ, ಒಂದು ಫೋನು ಮಾಡಿ ತೆಗೆಯಲು ಹೇಳು, ಅದಕ್ಕಿಂತ ಹೆಚ್ಚಿನದ್ದು ಇದರಲ್ಲಿ ಏನೂ ಇಲ್ಲ ಎಂದರು. ನಾನು ಆಗಲೇ ಫೋನು ಮಾಡಿದೆ. ಎತ್ತಿದ್ದು ಒಬ್ಬ ಹೆಂಗಸು. ಹಿಂದಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ವೆಬ್‌ಸೈಟ್ ತನಗೆ ಗೊತ್ತಿಲ್ಲ, ತಮ್ಮನ ಗೆಳೆಯ ಮಾಡಿಕೊಟ್ಟದ್ದು, ವಿಚಾರಿಸಿ ಮತ್ತೆ ಕರೆ ಮಾಡುತ್ತೇನೆ ಎಂದಳು. ಮಾಡಲಿಲ್ಲ. ನಾನು ಎರಡೂ ಪುಟಗಳ ಚಿತ್ರ ಕಳಿಸಿದೆ. ನೋಡಿದ ಗುರುತು ನೀಲಿಯಾಗಿ ಬಂತು. ಉತ್ತರ ಬರಲಿಲ್ಲ.

ಅಲ್ಲಿಂದ ನನಗೆ ಕೂತಲ್ಲಿ ನಿಂತಲ್ಲಿ ನೆಮ್ಮದಿ ಇಲ್ಲದಾಯಿತು. ಬಣ್ಣ ಕಲಸುವಾಗ ಒಮ್ಮೆ, ಗಿರಾಕಿ ಹೊರಟ ಕೂಡಲೇ ಒಮ್ಮೆ, ಅನ್ನಕ್ಕೆ ನೀರಿಟ್ಟು ಒಮ್ಮೆ, ಆ ಪುಟ ಇನ್ನೂ ಇದೆಯೇ ಎಂದು ತೆರೆದು ನೋಡುತ್ತಿದ್ದೆ. ಇರುತ್ತಿತ್ತು. ಒಂದು ಮಧ್ಯಾಹ್ನ ಹಾಗೆ ನೋಡಿ ಬಂದು ಕುಂಚ ಹಿಡಿದವಳು 'ಶ್ರೀನಿಲಯ'ದ ಶ್ರೀಗೆ ಒತ್ತಕ್ಷರ ಹಾಕುವುದನ್ನೇ ಮರೆತೆ. ಬಣ್ಣ ಒಣಗಿದ ಮೇಲೆ ಗಂಡ ನೋಡಿ ಹೇಳಿದರು. ಹಲಗೆಯನ್ನು ಪುನಃ ಉಜ್ಜಿ ಮೊದಲಿನಿಂದ ಬರೆಯಬೇಕಾಯಿತು. ಇಷ್ಟು ವರ್ಷಗಳಲ್ಲಿ ಹಾಗೆ ಆದದ್ದಿಲ್ಲ.

ಬೇರೆಯವರು ನಾನೇ ಕದ್ದದ್ದು ಎಂದುಕೊಂಡಾರು ಎಂಬ ಹೆದರಿಕೆ ಬೇರೆ. ನನ್ನ ಪುಟವನ್ನೇ ಬದಲಿಸಿದರೆ ಹೇಗೆ ಎಂದುಕೊಂಡು ಹೊಸದಾಗಿ ಬರೆಯಲು ಕೂತೆ. 'ಬಾಲ್ಯದಿಂದಲೇ ಅಕ್ಷರಗಳ ಬಗ್ಗೆ ಅಪಾರ ಒಲವು' ಎಂದು ಶುರುವಾಯಿತು. ಓದಿದರೆ ಯಾರದ್ದೋ ಅಭಿನಂದನಾ ಪತ್ರದ ಹಾಗಿತ್ತು. ಅಳಿಸಿ ಹಳೆಯದನ್ನೇ ಇಟ್ಟೆ.

ಈಶ್ವರಮಂಗಲಕ್ಕೆ ಅತ್ತೆಗೂ ಫೋನು ಮಾಡಿದೆ. ಅಂಗಡಿ ಮುಚ್ಚಿ ಬಹಳ ಕಾಲವಾಗಿ ಈಗ ಮಗಳ ಮನೆಯಲ್ಲಿದ್ದಾರೆ. ಹೀಗೊಬ್ಬಳು ನಿಮ್ಮನ್ನು ತನ್ನ ಅತ್ತೆ ಎಂದು ಬರೆದುಕೊಂಡಿದ್ದಾಳೆ ಎಂದರೆ ಅವರಿಗೆ ಮೊದಲು ತಿಳಿಯಲೇ ಇಲ್ಲ. ಅವಳ ಅತ್ತೆಯೂ ಟೈಲರೋ ಎಂದು ಕೇಳಿದರು. ಬಿಡಿಸಿ ಹೇಳಿದ ಮೇಲೆ, "ಹೋದದ್ದು ಮಾತು ಅಲ್ವಾ ಮಗಾ, ಬಟ್ಟೆ ಅಲ್ಲ. ನಿನ್ನ ಹತ್ರ ಅದು ಇನ್ನೂ ಉಂಟಲ್ಲ?" ಎಂದರು. ಅವರಿಗೆ ನನ್ನ ಸಿಟ್ಟಿಗಿಂತ, ಆ ಹುಡುಗಿಗೆ ಮದುವೆಯಾಗಿದೆಯೋ ಎಂಬುದರಲ್ಲಿ ಹೆಚ್ಚು ಕುತೂಹಲವಿತ್ತು. ನಾನು ಇನ್ನಷ್ಟು ಕುದಿದು ಫೋನಿಟ್ಟೆ.

ಮುಂದಿನ ಮಂಗಳವಾರ ಮಿಲ್ಲಿಗೆ ಹೋಗದೆ ಸುಳ್ಯದ ಬಸ್ಸು ಹತ್ತಿದೆ. ಕುಂಬ್ರ ದಾಟುವವರೆಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಕಾವು ಬರುವಾಗ ಅವು ತೀರಾ ಮೆದುವಾದವು ಅನ್ನಿಸಿತು, ಖಾರ ಮಾಡಿದೆ. ಜಾಲ್ಸೂರಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, ತಲೆಸುತ್ತು ಬರುತ್ತದಾ ಎಂದು ಕೇಳಿ ಕಿಟಕಿಯ ಬದಿ ಬಿಟ್ಟುಕೊಟ್ಟರು.

ಅಂಗಡಿ ಒಂದು ಕಟ್ಟಡದ ಮಹಡಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಗಾಜಿನ ಮುಚ್ಚಳದ ಯಂತ್ರವೊಂದು ಹೊಳೆಯುವ ಹಾಳೆಯಿಂದ ಅಕ್ಷರಗಳನ್ನು ಕತ್ತರಿಸುತ್ತಿತ್ತು. ಅದರ ಪಕ್ಕ ನಿಂತಿದ್ದವಳು ನನಗಿಂತ ಚಿಕ್ಕವಳು, ಮೂವತ್ತು ದಾಟಿರಲಾರದು. ನನ್ನನ್ನು ಗಿರಾಕಿ ಎಂದುಕೊಂಡು, ಬನ್ನಿ ಅಕ್ಕ ಎಂದು ಕುರ್ಚಿ ಎಳೆದಳು. ಜೋಡಿಸಿಟ್ಟ ಮಾತು ಒಂದೂ ನಾಲಿಗೆಗೆ ಬರಲಿಲ್ಲ. ನನ್ನ ಬಾಯಿಂದ ಬಂದದ್ದು, "ಇವತ್ತು ಮಂಗಳವಾರ. ನಿಮಗೆ ರಜೆ ಅಲ್ವಾ?"

"ಎಲ್ಲರೂ ಅದನ್ನೇ ಕೇಳುದು" ಎಂದು ನಕ್ಕಳು. ತಮಗೆ ರಜೆ ಭಾನುವಾರ, ಇಂಟರ್ನೆಟ್ಟಿನಲ್ಲಿ ತಪ್ಪು ಬಂದಿದೆ ಎಂದಳು.

ನಾನು ಪುತ್ತೂರಿನಿಂದ ಬಂದವಳು, ಫೋನು ಮಾಡಿದ್ದು ನಾನೇ ಎಂದೆ. ಅವಳು ಹೋಗಿ ಯಂತ್ರ ನಿಲ್ಲಿಸಿದಳು. ಅವಳು ಕೂರಲಿಲ್ಲ. ನಿಂತುಕೊಂಡೇ, ಕತ್ತರಿಸಿದ ಅಕ್ಷರಗಳ ಚೂರುಗಳನ್ನು ಕೈಯಿಂದ ಒಟ್ಟುಮಾಡುತ್ತಾ ಹೇಳತೊಡಗಿದಳು.

ಮೊದಲು ಅವಳು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸದಲ್ಲಿದ್ದಳಂತೆ. ತಮ್ಮನ ಒತ್ತಾಸೆಯಿಂದ ಯಂತ್ರ ತಂದು ಸ್ವಂತ ಅಂಗಡಿ ಹಾಕಿದಳು. ಪುಟ ಮಾಡಿದ ಗೆಳೆಯ, ಬರೆಯಲು ವಿಷಯ ಕೊಡಿ ಎಂದು ಕೇಳಿದಾಗ, ನೀನೇ ಏನಾದರೂ ಚೆಂದದ್ದು ಹಾಕು ಎಂದಿದ್ದಳು. ಅವನು ಹಾಕಿದ. ಅವಳು ಚಿತ್ರಗಳನ್ನು ನೋಡಿದಳು, ಬರೆದದ್ದನ್ನು ಓದಲಿಲ್ಲ. ಆಮೇಲೆ ಗುಂಡ್ಯದಲ್ಲಿ ಹೋಟೆಲು ಇಟ್ಟವರೊಬ್ಬರು ಬಂದು, ನಿಮ್ಮ ಎಡಗೈ ತೋರಿಸಿ ನೋಡುವ ಎಂದರು. ತಮಾಷೆ ಇರಬೇಕು ಎಂದು ತೋರಿಸಿದಳು. ಎರಡನೆಯವರೂ ಕೇಳಿದಾಗ ಪುಟ ತೆರೆದು ಓದಿದಳು.

"ಓದಿ ಅಳು ಬಂತು ಅಕ್ಕ. ಅಷ್ಟು ಚೆಂದ ಇತ್ತು" ಎಂದಳು.

ಅದು ಹೊಗಳಿಕೆಯೋ, ತಪ್ಪಿಸಿಕೊಳ್ಳುವ ದಾರಿಯೋ ನನಗೆ ಗೊತ್ತಾಗಲಿಲ್ಲ. ಓದಿದ ಮೇಲಾದರೂ ತೆಗೆಯಬಹುದಿತ್ತಲ್ಲ ಎಂದೆ. ಅವಳು ಚೂರುಗಳನ್ನು ಡಬ್ಬಿಗೆ ಸುರಿದಳು. ಅಷ್ಟರಲ್ಲಿ ಅದನ್ನು ಓದಿಯೇ ಜನ ಬರಲು ಶುರುವಾಗಿತ್ತು, ತೆಗೆಯಲು ಮನಸ್ಸಾಗಲಿಲ್ಲ ಎಂದಳು. ಇತ್ತೀಚೆಗೆ ಕಡಬದವರೊಬ್ಬರು ಬಂದಿದ್ದರು. ಯಂತ್ರದ್ದು ಬೇಡ, ಕೈಯಲ್ಲಿ ಬರೆದದ್ದೇ ಬೇಕು, ತನ್ನ ಎದುರು ಬರೆಯಬೇಕು ಎಂದು ಹಟ ಹಿಡಿದರು.

ನನ್ನ ಅಂಗಡಿಯಿಂದ ಎದ್ದುಹೋದವರು ಅವರೇ ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿರಲಿಲ್ಲ.

"ನೀವು ಎಂತ ಮಾಡಿದ್ರಿ?"

"ಎಂತ ಮಾಡುದು? ಎಡಗೈಯಲ್ಲೇ ಬರೆದೆ."

ಫೋನಿನಲ್ಲಿ ಫೋಟೋ ತೋರಿಸಿದಳು. ತೇಗದ ಹಲಗೆ, ಬಿಳಿ ಬಣ್ಣ. ಅಕ್ಷರಗಳು ಮೇಲಕ್ಕೆ ಹತ್ತಿ ಮತ್ತೆ ಕೆಳಕ್ಕೆ ಜಾರಿದ್ದವು. ದೀರ್ಘದ ಸುರುಳಿ ಮುಂದಿನ ಅಕ್ಷರದ ತಲೆಕಟ್ಟಿಗೆ ತಾಗಿತ್ತು. ಕಡಬದವರು ಅದನ್ನು ನೋಡಿ ತುಂಬ ಖುಷಿಪಟ್ಟು, ಕೈಕೆಲಸ ಎಂದರೆ ಹೀಗೆಯೇ ಇರಬೇಕು ಎಂದು ಹೇಳಿ ಕಾರಿನಲ್ಲಿಟ್ಟುಕೊಂಡು ಹೋದರಂತೆ.

ನಗು ಬರಬೇಕಿತ್ತು. ಬರಲಿಲ್ಲ. ಒಂದನೇ ಕ್ಲಾಸಿನ ನನ್ನ ಸ್ಲೇಟು ಹಾಗೆಯೇ ಕಾಣುತ್ತಿತ್ತು, ತನ್ನದಲ್ಲದ ಕೈಯಲ್ಲಿ ಬರೆದರೆ ಯಾರ ಅಕ್ಷರವೂ ಹಾಗೆಯೇ ಬೀಳುತ್ತದೆ. ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ.

"ಕೈ ನೋವಾಯ್ತಾ?" ಎಂದು ಕೇಳಿದೆ.

"ಇಲ್ಲಿ" ಎಂದು ಹೆಬ್ಬೆರಳಿನ ಬುಡ ಮುಟ್ಟಿ ತೋರಿಸಿದಳು. ಆ ನೋವಿನ ಜಾಗ ನನಗೆ ಗೊತ್ತು.

ಆದರೂ ಬಂದ ಕೆಲಸ ಬಿಡಲಿಲ್ಲ. ಆ ಅತ್ತೆ ನನ್ನವರು, ಅವರು ಇನ್ನೂ ಇದ್ದಾರೆ, ಈಶ್ವರಮಂಗಲದಲ್ಲಿದ್ದಾರೆ, ಅವರನ್ನು ಅಲ್ಲಿಂದ ತೆಗೆಯಬೇಕು ಎಂದೆ. ಅತ್ತೆ ಬದುಕಿದ್ದಾರೆ ಎಂದದ್ದು ಅವಳಿಗೆ ತಾಗಿದಂತೆ ಕಂಡಿತು. ನನ್ನ ಎದುರೇ ತಮ್ಮನ ಗೆಳೆಯನಿಗೆ ಫೋನು ಮಾಡಿ ಪುಟ ತೆಗೆಯಲು ಹೇಳಿದಳು. ಹೊರಡುವಾಗ, ನಿಮ್ಮದೇ ಏನಾದರೂ ಬರೆಯಿರಿ ಎಂದು ಹೇಳಿದೆ.

"ನಂದು ಎಂತ ಉಂಟು ಅಕ್ಕ ಬರೀಲಿಕ್ಕೆ? ಫ್ಲೆಕ್ಸ್ ಅಂಗಡಿಯಲ್ಲಿ ಇಡೀ ದಿನ ಹೆಸರು ಟೈಪ್ ಮಾಡ್ತಾ ಇದ್ದೆ. ಬೆಳಿಗ್ಗೆ ಮದುಮಕ್ಕಳದ್ದು, ಮಧ್ಯಾಹ್ನ ಮೇಲೆ ತೀರಿಹೋದವರದ್ದು. ಅದನ್ನು ಯಾರು ಓದ್ತಾರೆ?"

ನಾನು ಓದುತ್ತೇನೆ, ಅದನ್ನೇ ಬರೆಯಿರಿ ಎಂದೆ. ಅವಳು ನನ್ನ ಮುಖ ನೋಡಿದಳು, ಗೇಲಿ ಮಾಡುತ್ತಿದ್ದೇನೋ ಎಂದು ಪರೀಕ್ಷಿಸುವವಳ ಹಾಗೆ.

ಮರುದಿನ ಪುಟ ಖಾಲಿಯಾಗಿತ್ತು. ಗಂಡನಿಗೆ ತೋರಿಸಿದೆ. ಸದ್ಯ, ಇನ್ನಾದರೂ ಅನ್ನ ತಳ ಹಿಡಿಯಲಿಕ್ಕಿಲ್ಲ ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ನೋಡುವ ಚಟ ಹೋಗಲಿಲ್ಲ. ಕೆಲವು ದಿನ ಕಳೆದು ನೋಡಿದಾಗ ಖಾಲಿ ಜಾಗ ತುಂಬಿತ್ತು. 'ನನ್ನ ಅಜ್ಜ ದೇವಸ್ಥಾನದ ಬಾಗಿಲುಗಳನ್ನು ಕೆತ್ತುತ್ತಿದ್ದರು. ಅವರ ಉಳಿಯ ಹಿಡಿಯಲ್ಲಿ ಹೆಬ್ಬೆರಳು ಕೂರುವಷ್ಟು ಕುಳಿ ಬಿದ್ದಿತ್ತು.' ಒಳ್ಳೆಯ ವಾಕ್ಯ. ಫ್ಲೆಕ್ಸ್ ಅಂಗಡಿಯಾಗಲಿ ಮದುಮಕ್ಕಳಾಗಲಿ ಎಲ್ಲೂ ಇರಲಿಲ್ಲ. ಆ ವಾಕ್ಯವನ್ನೇ ಹಾಕಿ ಹುಡುಕಿದೆ. ಘಟ್ಟದ ಮೇಲಿನ ಒಂದು ಊರಿನಲ್ಲಿ ಮರದ ಕೆತ್ತನೆ ಮಾಡುವವರೊಬ್ಬರ ಪುಟ ಸಿಕ್ಕಿತು, ಅಜ್ಜನ ಫೋಟೋ ಸಮೇತ.

ಸುಳ್ಯಕ್ಕೆ ಫೋನು ಮಾಡಿದೆ. ಈ ಸಲ ಬೇಗ ಎತ್ತಿದಳು. ಇದೇನು ಹೀಗೆ ಎಂದು ಕೇಳಿದೆ. ತಾನು ಬರೆದು ಕೊಟ್ಟದ್ದು ತಮ್ಮನ ಗೆಳೆಯನಿಗೆ ಸರಿ ಕಾಣಲಿಲ್ಲ, ತೀರಿಹೋದವರ ವಿಷಯ ಅಂಗಡಿಗೆ ಅಪಶಕುನ ಎಂದ ಎಂದಳು. ಆಮೇಲೆ, ಸ್ವಲ್ಪವೂ ಒರಟಾಗಿ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು:

"ಅದು ನಿಮ್ಮದಲ್ಲ ಅಲ್ವಾ ಅಕ್ಕ?"

ಅಲ್ಲ ಎಂದೆ. ಅವಳು ಬರೆದು ಕೊಟ್ಟದ್ದನ್ನು ನನಗೆ ಕಳಿಸಬಹುದಾ ಎಂದು ಕೇಳಿದೆ. ನೋಡುತ್ತೇನೆ ಎಂದಳು, ಕಳಿಸಲಿಲ್ಲ.

ಘಟ್ಟದ ಮೇಲಿನವರ ನಂಬರು ಅವರ ಪುಟದಲ್ಲೇ ಇತ್ತು. ಹೇಳಿದರೆ ಅವಳ ಮೇಲೆ ಚಾಡಿ ಹೇಳಿದ ಹಾಗೆ, ಹೇಳದಿದ್ದರೆ ನಾನೂ ಅದರಲ್ಲಿ ಪಾಲು ಪಡೆದ ಹಾಗೆ. ಹೀಗೆ ಅತ್ತಿತ್ತ ಹೊಯ್ದಾಡಿ ಕೊನೆಗೆ ಎರಡೂ ಪುಟಗಳ ಚಿತ್ರ ಕಳಿಸಿ, ನನಗೂ ಹೀಗೆ ಆಗಿತ್ತು ಎಂದು ಬರೆದೆ. ಕೈಮುಗಿದ ಗುರುತೊಂದು ಬಂತು. ಅವರು ಏನು ಮಾಡಿದರೋ ಗೊತ್ತಿಲ್ಲ. ಅಜ್ಜ ಇವತ್ತಿಗೂ ಸುಳ್ಯದಲ್ಲಿದ್ದಾರೆ.

ಮೊನ್ನೆ ಕುಂಬ್ರದ ಕಡೆಯ ಗಂಡಹೆಂಡತಿ ಫಲಕಕ್ಕೆ ಹೇಳಲು ಬಂದಿದ್ದರು. ನಾನು ಎಡಗೈಯಲ್ಲಿ ಗೆರೆ ಎಳೆಯುವುದನ್ನು ಕಂಡು ಆ ಹೆಂಗಸು, ಹೇಗೆ ಕಲಿತದ್ದು ಎಂದು ಪ್ರೀತಿಯಿಂದ ಕೇಳಿದರು. ಹೇಳತೊಡಗಿದೆ. ಟೀಚರು, ಡೆಸ್ಕು, ಈಶ್ವರಮಂಗಲ, ಅತ್ತೆಯ ಅಂಗಡಿ. ಅರ್ಧಕ್ಕೆ ಬಂದಾಗ ನನ್ನ ಕಿವಿಗೇ ಕೇಳಿಸಿತು: ನಾನು ಪುಟದ ವಾಕ್ಯಗಳನ್ನೇ, ಅದೇ ಕ್ರಮದಲ್ಲಿ, ಪೂರ್ಣವಿರಾಮ ಇದ್ದಲ್ಲೆಲ್ಲ ಉಸಿರು ನಿಲ್ಲಿಸಿ ಒಪ್ಪಿಸುತ್ತಿದ್ದೆ. ಪುಟದಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ನೆನಪಿದೆಯೇ ಎಂದು ತಡಕಾಡಿದೆ. ಆ ಬಟ್ಟೆಯ ತುಂಡು ಕಪ್ಪೋ, ಕಡುನೀಲಿಯೋ? ಅಂಗಡಿಯ ಬಾಗಿಲು ಯಾವ ದಿಕ್ಕಿಗಿತ್ತು? ನೆನಪಾಗಲಿಲ್ಲ.

ಅವರು ಮುಂದಿನದ್ದಕ್ಕೆ ಕಾಯುತ್ತಿದ್ದರು. ನಾನು ಮಾತು ಅಲ್ಲಿಗೇ ಬಿಟ್ಟು, ಅಕ್ಷರ ಎಷ್ಟು ದೊಡ್ಡದು ಬೇಕು ಎಂದು ಕೇಳಿದೆ.