ಲೋಟದ ನೀರಿನಲ್ಲಿ ಜಾಲಿಸಿದ ಎಣ್ಣೆಗಾಯಿ

ದೊಡ್ಡಮ್ಮನ ತುಟಿಯ ಎರಡೂ ಮೂಲೆ ಸದಾ ಒಡೆದಿರುತ್ತಿದ್ದವು. ಹಳೇ ಕುಂಕುಮದ ಭರಣಿಯಲ್ಲಿ ಬೆಣ್ಣೆ ಇಟ್ಟುಕೊಂಡು, ಮಾತಾಡುವ ಮೊದಲು ಒಂದು ಬೆರಳು ಸವರಿಕೊಳ್ಳುತ್ತಿದ್ದಳು. ನಗು ಬಂದರೆ ಸೆರಗಿನಿಂದ ಬಾಯಿ ಒತ್ತಿ ಹಿಡಿಯುತ್ತಿದ್ದಳು. ಬಾಯಗಲಿಸಿ ನಕ್ಕರೆ ರಕ್ತ ಜಿನುಗುತ್ತಿತ್ತು. ನಾವದನ್ನು ನಾಚಿಕೆ ಅಂದುಕೊಂಡಿದ್ದೆವು. ಎಂಥಾ ಬುದ್ಧಿವಂತರು ನಾವು!

ಅವಳು ಅವ್ವನ ಅಕ್ಕ, ಭಾನುವಳ್ಳಿಗೆ ಕೊಟ್ಟ ಹೆಣ್ಣು. ತೊಂಬತ್ತರ ದಶಕದ ಕೊನೆಗೆ, ನಾನು ಬಿ.ಎ. ಓದುವಾಗ, ಒಡೆದ ತುಟಿಯ ಔಷಧಿಗೆಂದು ದಾವಣಗೆರೆಗೆ ಬಂದು ಸರಸ್ವತಿ ನಗರದ ನಮ್ಮ ಮನೆಯಲ್ಲಿ ಉಳಿದಿದ್ದಳು.

ಅವ್ವನ ಎಣ್ಣೆಗಾಯಿ ಅಂದರೆ ನೆಂಟರಲ್ಲೆಲ್ಲ ಹೆಸರು. ದೊಡ್ಡಮ್ಮ ಏನು ಮಾಡುತ್ತಿದ್ದಳು ಗೊತ್ತೇ? ತಟ್ಟೆಗೆ ಬದನೆಕಾಯಿ ಬಿದ್ದ ಕೂಡಲೇ ಎತ್ತಿ ನೀರಿನ ಲೋಟದಲ್ಲಿ ಅದ್ದಿ, ಎರಡು ಸಲ ಜಾಲಿಸಿ, ಮಸಾಲೆಯೆಲ್ಲ ಬಿಟ್ಟುಹೋದ ಮೇಲೆ ತಿನ್ನುತ್ತಿದ್ದಳು. ಬಂದವರ ಮುಂದೆಯೂ ಅಷ್ಟೇ.

"ಸಣ್ಣಾಕಿದ್ದಾಗ ಹಸಿಮೆಣಸಿನಕಾಯಿ ಕಚ್ಚಿ ತಿಂದಾಕಿ ನೀನು. ಈಗ ನನ್ನ ಕೈ ಅಡಿಗಿ ತೊಳ್ಕೊಂಡು ತಿಂತೀಯಲ್ಲ! ಸೊಕ್ಕು ನಿನಗೆ," ಎಂದು ಅವ್ವ ರೇಗುತ್ತಿದ್ದಳು.

"ಇರ್ಲಿ ಬಿಡು ತಂಗಿ, ನೀರಿಗೇನು ಬರ ಐತಾ?" ಅನ್ನುವುದೊಂದೇ ದೊಡ್ಡಮ್ಮನ ಉತ್ತರ. ಏನೇ ಅಂದರೂ ಅದೇ ಮಾತು. ಅವ್ವ ಇನ್ನಷ್ಟು ಉರಿದುಬೀಳುತ್ತಿದ್ದಳು. ಕೊನೆಗೆ ಬಡಿಸುವಾಗ ಬಿಟ್ಟರೆ ಅಕ್ಕನೊಂದಿಗೆ ಮಾತೇ ನಿಲ್ಲಿಸಿದಳು.

ಒಂದು ದಿನ ದೊಡ್ಡಮ್ಮ ನನ್ನ ಕೈಗೆ ಚೀಟಿ ಕೊಟ್ಟಳು. ನಮ್ಮಲ್ಲಿಗೆ ಬರುವ ಮೊದಲು ಅವಳು ತೋರಿಸಿದ್ದ ಹರಿಹರದ ವಯಸ್ಸಾದ ಡಾಕ್ಟರೊಬ್ಬರು ಅದರಲ್ಲಿ ಒಂದೇ ಪದ ಬರೆದಿದ್ದರು: ಮಿಕ್ಸಾಸ್ತೀನಿಯಾ.

"ಇಂಗ್ಲಿಷ್ ಓದಾಕಿ ಅಲ್ಲೇನವ್ವ ನೀನು? ಇದೇನಂತ ನಿಮ್ಮವ್ವಗೆ ತಿಳಿಯಂಗ ಹೇಳು. ವಾಸಿ ಆಗದಿದ್ರೂ ಬ್ಯಾಡ. ಸೊಕ್ಕಲ್ಲ ಅಂತ ಆಕಿಗೆ ಗೊತ್ತಾದ್ರೆ ಸಾಕು."

ಇಂಗ್ಲಿಷ್ ಓದುವವಳ ಜಂಬ ಕಾಲೇಜಿನ ಲೈಬ್ರರಿಯಲ್ಲೇ ಇಳಿಯಿತು. ದಪ್ಪ ಡಿಕ್ಷನರಿ ಎರಡು ಸಲ ತಿರುವಿದರೂ ಆ ಪದ ಇರಲಿಲ್ಲ. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಎರಡು ತಾಸು ಕಾದೆ. ಅಲ್ಲಿನ ಯುವ ಡಾಕ್ಟರ್ ಚೀಟಿ ನೋಡಿ, "ಇದನ್ನ ಈಗ ಯಾರ್ರೀ ಬರೀತಾರೆ? ಬರೆದೋರನ್ನೇ ಕೇಳ್ರಿ," ಎಂದು ಮುಂದಿನವರನ್ನು ಕರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ದೊಡ್ಡಮ್ಮನದು, ನೋವು ದೊಡ್ಡಮ್ಮನದು, ಅದರ ಹೆಸರಿನ ಅರ್ಥ ಮಾತ್ರ ಅವಳಿಗೆ ಸಿಗುವ ಹಾಗಿಲ್ಲ!

ಹರಿಹರದ ಬಸ್ಸು ಹತ್ತಿದೆ. ವಯಸ್ಸಾದ ಡಾಕ್ಟರು ಕನ್ನಡಕ ತೆಗೆದು, "ಬಾಯಿ, ಮೂಗು, ಕಣ್ರೆಪ್ಪೆ ಒಳಗೆ ತೆಳ್ಳನೆ ಪೊರೆ ಇರ್ತೈತಮ್ಮ, ಲೋಳೆಪೊರೆ ಅಂತ. ಸದಾ ಹಸಿ ಇರಬೇಕಾದ್ದು. ಅದು ಬಲ ಕಳ್ಕೊಂಡೈತೆ. ಒಣಗ್ತೈತೆ, ಏನಾದ್ರೂ ತಾಗಿದ್ರೆ ಕಿತ್ತು ಬರ್ತೈತೆ. ಅದಕ್ಕೆ ನಮ್ಮ ಕಾಲದ ಹೆಸರು ಇದು," ಅಂದರು.

"ಇಷ್ಟನ್ನ ಅವತ್ತೇ ಅವ್ರಿಗೆ ಹೇಳಬಹುದಿತ್ತಲ್ಲ ಸರ್?"

"ಅವ್ರು ಕೇಳ್ಲಿಲ್ಲಲ್ಲ."

ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಅವ್ವನಿಗೆ ಅಕ್ಷರ ಬಿಡದೆ ಒಪ್ಪಿಸಿದೆ. ಅವ್ವ ಒಲೆ ಕಡೆ ತಿರುಗಿ, "ಪೊರಿ ಅಂತೆ, ಲೋಳಿ ಅಂತೆ. ಕಣ್ಣಿಗೆ ಕಾಣದ್ದು ಏನ್ ಬೇಕಾದ್ರೂ ಹೇಳ್ತಾರೆ," ಅಂದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಭರಣಿ ಮುಚ್ಚಿಕೊಂಡು ಒಳಗೆ ಹೋದಳು.

ಆ ವಾರವೇ ಮಿರ್ಚಿ ಕರಿಯುವಾಗ ಎಣ್ಣೆ ಸಿಡಿದು ಅವ್ವನ ಬೆರಳಿಗೆ ಬೊಬ್ಬೆ ಬಂತು. ಬೊಬ್ಬೆ ಒಡೆದು ಚರ್ಮ ಕಿತ್ತುಬಂದಿತ್ತು. ಅದನ್ನು ಲೆಕ್ಕಿಸದೆ ಎಣ್ಣೆಗಾಯಿಗೆ ಖಾರದಪುಡಿ ಕಲೆಸಲು ಕೈ ಹಾಕಿದಳು. "ಅಯ್ಯಯ್ಯೋ!" ಎಂದು ಕೈ ಕೊಡವುತ್ತಾ ನಲ್ಲಿಗೆ ಓಡಿದಳು. ದೊಡ್ಡಮ್ಮನೇ ನಲ್ಲಿ ತಿರುಗಿಸಿ ತಂಗಿಯ ಕೈಯನ್ನು ನೀರಿಗೆ ಹಿಡಿದಳು.

"ಭಾಳ ಉರೀತಾ ತಂಗಿ?"

"ಜೀವ ಹೋಗ್ತೈತೆ ಅಕ್ಕ."

"ನನ್ನ ಬಾಯಿ ಪೂರ್ತಿ ಹಂಗೇ ಐತೆ ನೋಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಅವ್ವ ಅಕ್ಕನ ಮುಖ ನೋಡಿ ಅತ್ತಳು. ಅಂದಿನಿಂದ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಎರಡು ಪಾತ್ರೆಯಲ್ಲಿ ಆಗತೊಡಗಿತು. ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು, ನನ್ನ ಮೇಲೆಯೇ. ಲೈಬ್ರರಿ, ಕ್ಲಿನಿಕ್ಕು, ಹರಿಹರ ಎಂದು ಅಲೆದೆನಲ್ಲ, ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವಳನ್ನು "ಹೆಂಗಾಗ್ತೈತೆ ದೊಡ್ಡಮ್ಮ?" ಎಂದು ಒಮ್ಮೆಯೂ ಕೇಳಿರಲಿಲ್ಲ.

ಎರಡು ವರ್ಷಕ್ಕೆ ದೊಡ್ಡಮ್ಮ ತೀರಿಕೊಂಡಳು. ಭಾನುವಳ್ಳಿಯಲ್ಲಿ ಕಾರ್ಯದ ದಿನ ಅವಳ ಸೊಸೆಯರು ಎಣ್ಣೆಗಾಯಿ ಮಾಡಿದ್ದರು, ಕೆಂಪಗೆ, ಎಣ್ಣೆ ತೇಲುವಂತೆ. ಎಡೆ ಬಡಿಸಲು ಕೂತ ಅವ್ವ ಒಂದು ಲೋಟ ನೀರು ತರಿಸಿದಳು. ತುಂಬಿದ ಮನೆಯ ಎದುರಿಗೆ ಬದನೆಕಾಯಿಯನ್ನು ಅದರಲ್ಲಿ ಅದ್ದಿ, ಎರಡು ಸಲ ಜಾಲಿಸಿ, ಎಲೆಗೆ ಇಟ್ಟಳು.

"ಏನ್ ಮಾಡ್ತೀರಿ? ಎಡೆ ಅಲ್ಲೇನ್ರಿ ಅದು?" ಎಂದರು ಯಾರೋ ಹಿಂದಿನಿಂದ.

ಅವ್ವ ತಿರುಗಿ ನೋಡಲಿಲ್ಲ. ಎರಡನೇ ಬದನೆಕಾಯಿ ಎತ್ತಿಕೊಂಡು, "ಆಕಿಗೆ ಉರೀತೈತ್ರಿ," ಅಂದಳು.