ಸುವೈಹಾನಿನ ಮಂಜಿನಲ್ಲಿ ಪಾಲ್ದಮಲೆಯ ಬೆಂಕಿ

ಅಬುಧಾಬಿಯ ಹೋಟೆಲೊಂದರ ಸ್ಟಾಫ್ ಬಸ್ ಓಡಿಸುವ ಕಜೆತಾನ್ ಮಾತು ಕಡಿಮೆಯ ಮನುಷ್ಯ. ಡ್ಯೂಟಿ ಬದಲಾಯಿಸಿದರೂ, ರಜೆ ಮುಂದೂಡಿದರೂ ಅವನು ಎದುರು ಮಾತಾಡಿದ್ದನ್ನು ಕಂಡವರಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವನ ಹಟಕ್ಕೆ ಮಿತಿಯಿರಲಿಲ್ಲ. ಅದು ಜನವರಿಯ ಬೆಂಕಿ.

ಅವನ ಊರು ಪಾಲ್ದಮಲೆ ಘಟ್ಟದ ಮೇಲಿನ ಸಣ್ಣ ಹಳ್ಳಿ. ಅಜ್ಜಂದಿರ ಕಾಲದಲ್ಲಿ ಸಿಡುಬು ಬಂದು ಮನೆಮನೆಯಲ್ಲಿ ಜನ ಮಲಗಿದಾಗ, ಅಳಿದುಳಿದವರು ಸಂತ ಸೆಬಾಸ್ತಿಯನರ ಪ್ರತಿಮೆಯನ್ನು ಹೊತ್ತು ಗುಡ್ಡದ ತುದಿಗೆ ಹೋಗಿ ಬೆಂಕಿ ಹಾಕಿದ್ದರಂತೆ. ತಾವಿನ್ನೂ ಬದುಕಿದ್ದೇವೆ ಎಂದು ಕೆಳಗಿನವರಿಗೆ ತಿಳಿಯಲಿ ಎಂದು. ಅಂದಿನಿಂದ ಪ್ರತಿ ಚಳಿಗಾಲ, ಸಂತರ ಹಬ್ಬದ ವಾರ, ಸೂರ್ಯ ಹುಟ್ಟುವ ಮೊದಲು ಅಲ್ಲಿ ಬೆಂಕಿ ಏಳುತ್ತದೆ. ಹಚ್ಚುವುದು ಕಜೆತಾನನ ಮನೆತನದವರು. ಹಚ್ಚಿದವನು ಅದು ಕೆಂಡವಾಗುವ ತನಕ ಕದಲಬಾರದು.

ಗಲ್ಫಿಗೆ ಬಂದ ಊರಿನವರನ್ನು ಒಟ್ಟುಗೂಡಿಸಿ ಕಜೆತಾನ್ ಅದನ್ನು ಇಲ್ಲಿಯೂ ಶುರು ಮಾಡಿದ್ದ. ಸುವೈಹಾನ್ ಕಡೆಯ ಮರಳುಗಾಡು, ಅರ್ಧಕ್ಕೆ ಕತ್ತರಿಸಿದ ಕಬ್ಬಿಣದ ಡ್ರಮ್ಮು, ಅದರೊಳಗೆ ಸೌದೆ. ಮರಳಿನ ಮೇಲೆ ನೇರ ಬೆಂಕಿ ಹಾಕಿದರೆ ದಂಡ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು.

ಒಂದು ವರ್ಷ, ಬೆಂಕಿ ಹಚ್ಚುವ ಹಿಂದಿನ ದಿನ ಸಂಜೆ ಮಗಳು ಸ್ಟೇಸಿ, ಅವನು ಮುದ್ದಿನಿಂದ 'ಬಾಯ್' ಎಂದು ಕರೆಯುವವಳು, ಫೋನ್ ಮಾಡಿದಳು. ಅವಳಿರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಲೈಸೆನ್ಸ್ ಸಿಕ್ಕಿದ್ದು ಆಗಷ್ಟೇ.

"ಡ್ಯಾಡಾ, ಫಾಗ್ ಅಲರ್ಟ್ ಉಂಟು. ನೆಕ್ಸ್ಟ್ ಇಯರ್ ಬರ್ತೇನೆ, ಪ್ಲೀಸ್."

"ಬರದಿದ್ದರೆ ಪಾಲ್ದಮಲೆಯವಳು ಅಂತ ಎಲ್ಲಿಯೂ ಹೇಳ್ಬೇಡ," ಎಂದ ಕಜೆತಾನ್.

ಅವಳು ಫೋನ್ ಇಟ್ಟುಬಿಟ್ಟಳು.

ಬೆಳಗಿನ ಜಾವ ಬನಿಯಾಸ್‌ನ ಮನೆಯಿಂದ ಹೊರಡುವಾಗ ಹೆಂಡತಿ ಎಲ್ಸಿಯ ಮೊಬೈಲಿಗೆ ಮೆಸೇಜ್ ಬಂತು. ಸ್ಟೇಸಿ ಹೊರಟಿದ್ದಳು. ಆಮೇಲೆ ಎಷ್ಟು ಕರೆ ಮಾಡಿದರೂ ಸ್ವಿಚ್ ಆಫ್.

ಮರಳುಗಾಡು ಸೇರುವಷ್ಟರಲ್ಲಿ ಮಂಜು ಗೋಡೆಯಂತೆ ನಿಂತಿತ್ತು. ಊರಿನವರು ಐದಾರು ಕಾರುಗಳಲ್ಲಿ ಹೇಗೋ ತಲುಪಿದ್ದರು. ಕಜೆತಾನ್ ಶಿಲುಬೆಯ ಗುರುತು ಮಾಡಿ ಬೆಂಕಿ ಹಚ್ಚಿದ. ಪ್ರಾರ್ಥನೆ ಶುರುವಾಯಿತು. ಅವನ ತುಟಿ ಆಡುತ್ತಿತ್ತು, ಕಿವಿ ಮಾತ್ರ ರಸ್ತೆಯ ಕಡೆಗಿತ್ತು.

ಆಗ ಹಾರ್ನ್ ಕೇಳಿಸಿತು. ಒಂದೇ ಸಮನೆ, ಯಾರೋ ಕೈ ಎತ್ತದೆ ಒತ್ತಿ ಹಿಡಿದಂತೆ. ರಸ್ತೆಯ ದಿಕ್ಕಿನಿಂದಲ್ಲ, ದಿಬ್ಬಗಳ ಆಚೆಯಿಂದ.

ಪ್ರಾರ್ಥನೆ ನಿಂತಿತು. ಊರಿನ ಹುಡುಗ, ಹಮ್ದಾನ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಲೆಸ್ಟರ್ ಮುಂದೆ ಬಂದ. "ಅಂಕಲ್, ನಾನು ಹೋಗ್ತೇನೆ. ನೀವು ಬೆಂಕಿ ಬಿಟ್ಟು ಹೋಗುವ ಹಾಗಿಲ್ಲ ಅಲ್ವಾ?"

"ಮಗಳು ಯಾರದ್ದು ಮಾರಾಯ, ನಿನ್ನದಾ?"

ಹಾಗೆಂದರೂ ಕಜೆತಾನನ ಕಾಲು ಏಳಲಿಲ್ಲ. ಎಲ್ಸಿ ಅವನ ಕೈಯಿಂದ ಬೆಂಕಿ ಕೆದಕುವ ಸರಳನ್ನು ಕಿತ್ತುಕೊಂಡಳು. "ಹೋಗಿ ನೀವು. ಸಂತರ ಹತ್ತಿರ ನಾನು ಮಾತಾಡ್ತೇನೆ."

ಕಾರುಗಳನ್ನು ಎಳೆಯುವ ಹಗ್ಗಗಳನ್ನೆಲ್ಲ ಗಂಟು ಹಾಕಿದರು. ಒಂದು ತುದಿ ಲೆಸ್ಟರನ ಕೈಯಲ್ಲಿ, ಇನ್ನೊಂದು ಕಜೆತಾನನ ಸೊಂಟಕ್ಕೆ. ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ ಬೆಂಕಿ ಮಸುಕಾದ ಕೆಂಪು ಕಲೆ. ಇನ್ನು ಸ್ವಲ್ಪ ಹೋದರೆ ಅದೂ ಇಲ್ಲ. ಹಗ್ಗ ಬಿಗಿಯಾಯಿತು. ಹಾರ್ನ್ ಇನ್ನೂ ದೂರದಲ್ಲಿತ್ತು.

"ಲೆಸ್ಟರ್, ಹಗ್ಗ ಬಿಚ್ಚುತ್ತಿದ್ದೇನೆ. ಕೂಗುತ್ತಾ ಇರು!"

"ಬೇಡ ಅಂಕಲ್!"

ಅಷ್ಟರಲ್ಲಿ ಹಾರ್ನ್ ಥಟ್ಟನೆ ನಿಂತಿತು. ಕಜೆತಾನ್ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ಕೆಳಗೆ ಬಿಟ್ಟ. ಅವನು ಓಡಿದ, ಮರಳಿನಲ್ಲಿ ಹೂತು ಬಿದ್ದ, ಮತ್ತೆ ಎದ್ದ. ಮೊದಲು ಪೆಟ್ರೋಲಿನ ವಾಸನೆ ಬಂತು. ಆಮೇಲೆ, ಮಗ್ಗುಲಿಗೆ ಉರುಳಿದ ಒಂದು ಬಿಳಿ ಗಾಡಿ ಕಂಡಿತು. ಸ್ಟೇಸಿಯದ್ದೂ ಬಿಳಿ ಗಾಡಿಯೇ.

"ಸ್ಟೇಸಿ! ಸ್ಟೇಸಿ, ಬಾಯ್!"

"ಭಾಯ್..." ಒಳಗಿಂದ ಬಂದದ್ದು ಗಂಡಸಿನ ದನಿ.

ಅದು ಒಂಟೆ ಫಾರಮ್ಮಿಗೆ ಹುಲ್ಲು ಸಾಗಿಸುವ ಪಿಕಪ್ಪು. ಡ್ರೈವರ್ ಅನ್ಸಿಫ್, ಕಾಸರಗೋಡಿನವನು. ಹೆಸರು, ಊರು ಗೊತ್ತಾದದ್ದು ಆಮೇಲೆ. ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡು ರಕ್ತ ಹರಿಯುತ್ತಿತ್ತು. ಕಜೆತಾನನಿಗೆ ಮೊದಲು ಬಂದದ್ದು ಸಮಾಧಾನ, ಇದು ಅವಳಲ್ಲ ಎಂದು. ಹಾಗಾದರೆ ಅವಳೆಲ್ಲಿ? ಅವನು ನಿಜವಾಗಿಯೂ ಎದ್ದು ಹೊರಟಿದ್ದ. ಅನ್ಸಿಫ್ ಒಡೆದ ಕಿಟಕಿಯಿಂದ ಕೈ ಚಾಚಿ ಅವನ ತೋಳು ಹಿಡಿದ.

"ಭಾಯ್, ಮತ್ ಜಾವ್."

ಕಜೆತಾನ್ ಕುಳಿತ. ಅಂಗಿ ಬಿಚ್ಚಿ, ಕಿಟಕಿಯೊಳಗೆ ಕೈ ತೂರಿಸಿ ಗಾಯಕ್ಕೆ ಬಿಗಿಯಾಗಿ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದ. ಗಂಟಲು ಹರಿಯುವ ಹಾಗೆ ಲೆಸ್ಟರನನ್ನು ಕೂಗಿದ. ಲೆಸ್ಟರ್ ಮತ್ತು ಉಳಿದವರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ಬಂದು ಬಾಗಿಲು ಮೀಟಿ ತೆಗೆದರು. ಅನ್ಸಿಫನನ್ನು ಎತ್ತಿಕೊಂಡು ಬೆಂಕಿಯ ಬಳಿ ತಂದಾಗ, ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಎಲ್ಸಿ ತನ್ನ ದುಪಟ್ಟಾ ಹರಿದು ಕಾಲಿಗೆ ಕಟ್ಟಿದಳು. ನಡುನಡುವೆ ಎದ್ದು ಸೌದೆಯನ್ನೂ ಸರಿಪಡಿಸುತ್ತಿದ್ದಳು. ಸಿಕ್ಕ ಬಿಡುವಿನಲ್ಲಿ ಮಗಳಿಗೂ ಮತ್ತೆ ಮತ್ತೆ ಕರೆ ಮಾಡಿದಳು.

ಮಂಜು ತೆಳುವಾಗುವ ಹೊತ್ತಿಗೆ ಆಂಬುಲೆನ್ಸ್ ಬಂದು ಅನ್ಸಿಫನನ್ನು ಕರೆದೊಯ್ದಿತು. ಅದರ ಹಿಂದೆಯೇ ಎಲ್ಸಿಯ ಮೊಬೈಲ್ ಹೊಡೆದುಕೊಂಡಿತು.

"ಮಮ್ಮಾ, ರೋಡ್ ಕಾಣ್ಲೇ ಇಲ್ಲ. ಪೆಟ್ರೋಲ್ ಪಂಪಲ್ಲಿ ನಿಂತಿದ್ದೇನೆ. ಫೋನ್ ಡೆಡ್ ಆಗಿತ್ತು. ಡ್ಯಾಡಾ ಸಿಟ್ಟಲ್ಲಿ ಇದ್ದಾರಾ?"

ಕಜೆತಾನ್ ಫೋನ್ ತೆಗೆದುಕೊಂಡ. "ಅಲ್ಲೇ ಇರು ಬಾಯ್. ನಾನೇ ಬರ್ತೇನೆ."

ಪಂಪಿನಲ್ಲಿ ಮಗಳ ಎದುರು ನಿಂತು ಅವನು ಹೇಳಿದ್ದು ಇಷ್ಟೇ: "ನಿನ್ನೆ ನಾನು ಹೇಳಿದ್ದು ತಪ್ಪು." ಸ್ಟೇಸಿ ಅವನ ಬನಿಯನ್ನಿನ ಮೇಲಿನ ರಕ್ತ ನೋಡಿ ಅತ್ತುಬಿಟ್ಟಳು.

ಮಧ್ಯಾಹ್ನ ಪಾಲ್ದಮಲೆಯಿಂದ ಅಣ್ಣ ಫೋನ್ ಮಾಡಿದ. "ಕೆಂಡ ಆಗುವ ತನಕ ನಿಂತಿಯಾ?"

"ಇಲ್ಲ. ನಾನು ನಡುವೆಯೇ ಬಿಟ್ಟು ಹೋದೆ. ಎಲ್ಸಿ ನಿಂತಳು."

"ಅವಳೂ ನಮ್ಮ ಮನೆಯವಳೇ ಅಲ್ವಾ," ಎಂದ ಅಣ್ಣ.

ಮರುವರ್ಷ ಸ್ಟೇಸಿ ಹಿಂದಿನ ದಿನವೇ ಬಂದು ಬನಿಯಾಸ್‌ನಲ್ಲಿ ಉಳಿದಳು. ಬೆಳಿಗ್ಗೆ ಮತ್ತೆ ಮಂಜಿನ ಅಲರ್ಟ್ ಇತ್ತು. ಕಜೆತಾನ್ ಎಲ್ಲರಿಗೂ ಫೋನ್ ಮಾಡಿ, ಬಿಸಿಲು ಬಂದ ಮೇಲೆ ಹೊರಡೋಣ, ಬೆಂಕಿ ಆಮೇಲೆ ಹಚ್ಚಿದರೂ ಆಗ್ತದೆ ಎಂದ.