ನಳಿಕೆಯ ಮೇಲೆ ಮೂರು ಬೆರಳು

ನಾನು ಮಸ್ಕಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ವಿಭೂತಿ ಹಚ್ಚಿಸಿಕೊಳ್ಳದ ವಸ್ತುವೇ ಇರಲಿಲ್ಲ. ಬೀಸುವ ಕಲ್ಲು, ಕುಂಟೆ, ಕಡೆಗೆ ಮಾವನವರ ಬಂದೂಕು ಕೂಡ. ಪ್ರತಿ ಸೋಮವಾರ ಅತ್ತೆ ಮೂರು ಬೆರಳಿನಿಂದ ಅದರ ನಳಿಕೆಗೆ ವಿಭೂತಿ ಎಳೆದು, ಮರುದಿನ ತಿಕ್ಕಿ ಒರೆಸುವರು. ವರ್ಷಗಟ್ಟಲೆ ಹೀಗೆ ತಿಕ್ಕಿಸಿಕೊಂಡ ಜಾಗದಲ್ಲಿ ಕರಿಬಣ್ಣ ಹೋಗಿ ಮೂರು ಬಿಳಿ ಪಟ್ಟಿ ಮೂಡಿದ್ದವು. ಉಳಿದದ್ದೆಲ್ಲ ತುಕ್ಕು.

ನಿಜಾಮರ ಆಡಳಿತ ಮುಗಿದು ಎರಡು ವರ್ಷವಾಗಿರಬೇಕು. ಬಂದೂಕು ಇದ್ದವರೆಲ್ಲ ಲಿಂಗಸುಗೂರಿನ ಕಚೇರಿಗೆ ತಂದು ತೋರಿಸಬೇಕು, ಮೇಲಿನ ನಂಬರು ಹಳೆಯ ದಫ್ತರಿನೊಂದಿಗೆ ತಾಳೆಯಾಗದಿದ್ದರೆ ಸರಕಾರಕ್ಕೆ ಜಮಾ ಎಂದು ಡಂಗುರ ಹೊಡೆದರು. ಮಾವನವರಿಗೆ ಅನ್ನ ಸೇರದಾಯಿತು. ಅವರಪ್ಪನ ಬಂದೂಕು ಅದು. ಗುಡ್ಡದ ಹಂದಿಗಳಿಂದ ಶೇಂಗಾ ಉಳಿಸಿದ್ದೂ ಅದೇ. ನಂಬರು ಮಾತ್ರ ತುಕ್ಕಿನಲ್ಲಿ ಮುಳುಗಿತ್ತು.

ಬಂದೂಕು ರಿಪೇರಿ ಮಾಡುವ ಸಾಬರನ್ನು ಕರೆಸಿದರು. ಅವರು ನಮ್ಮ ಕಟ್ಟೆಯ ಮೇಲೆ ಕೂತು ಹಳೆಯ ಬಣ್ಣ, ತುಕ್ಕು ಎಲ್ಲ ಉಜ್ಜಿ ನಳಿಕೆಯನ್ನು ಬೆಳ್ಳಿಯಂತೆ ಮಾಡಿದರು. ತುಕ್ಕಿನ ಜೊತೆಗೆ ಅರ್ಧ ನಂಬರೂ ಹೋಯಿತು! ಮಾವನವರು ತಲೆಗೆ ಕೈ ಹಚ್ಚಿದರು.

"ಘಾಬರಿ ಆಗಬ್ಯಾಡ್ರಿ ಗೌಡ್ರ, ಬಣ್ಣ ಏರಲಿ," ಎಂದರು ಸಾಬರು. ಔಷಧ ಸವರಿ, ತೆಳ್ಳಗೆ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿದರೆ ಆ ತುಕ್ಕೇ ಕಪ್ಪಾಗುತ್ತದಂತೆ. "ಆದ್ರ ಯಾರೂ ಕೈ ಹಚ್ಚಂಗಿಲ್ಲ. ಬೆರಳಿನ ಜಿಡ್ಡು ಹತ್ತಿದ್ರ ಬಣ್ಣ ಕೂಡಂಗಿಲ್ಲ."

ಸಾಬರು ನಮಾಜಿಗೆ ಹೋದರು. ಅಂದು ಸೋಮವಾರ. ದೀಪಕ್ಕೆ ಎಣ್ಣೆ ಹಾಕಿ ಬಂದ ಅತ್ತೆ ನಳಿಕೆಯನ್ನು ನೋಡಿ, "ಪಾಪ, ಬರೇ ಹಣಿಲೆ ಮಲಗೇತಿ," ಎಂದು ಎಂದಿನ ಜಾಗದಲ್ಲೇ ವಿಭೂತಿ ಎಳೆದರು. ಆಮೇಲೆ ಸಾಬರ ಮಾತು ನೆನಪಾಗಿ ಗಡಬಡಿಸಿ ಸೆರಗಿನಿಂದ ಒರೆಸಿದರು. ಬೂದಿ ಹೋಯಿತು, ಎಣ್ಣೆ ಉಳಿಯಿತು. ನಾನು ಹೊಸ ಸೊಸೆ, ಬಾಯಿ ಬಿಡಲಿಲ್ಲ.

ಸಾಬರು ತಿರುಗಿ ಬಂದು ಔಷಧ ಸವರಿ, ತುಕ್ಕು ಹಿಡಿಸಿ, ಕುದಿಸಿ ಹಂಡೆಯಿಂದ ಎತ್ತಿದಾಗ ನಳಿಕೆ ಕಾಡಿಗೆಯಂತೆ ಕಪ್ಪು. ನಡುವೆ ಮೂರು ಬಿಳಿ ಪಟ್ಟಿ, ಫಳಫಳ!

"ಅವ್ವಾರ, ಬಂದೂಕಿಗೂ ದೀಕ್ಷಾ ಕೊಟ್ರೇನು?" ಎಂದು ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾವನವರು ನಗಲಿಲ್ಲ. "ಮನಿ ಹಾಳ ಮಾಡಿದಿ ನೀ! ನಾಳೆ ಕಚೇರ್ಯಾಗ ಏನಂತ ಹೇಳ್ಲಿ?"

ಮರುದಿನವೇ ಗಡುವು, ತಿರುಗಿ ಉಜ್ಜಲು ಹೊತ್ತಿರಲಿಲ್ಲ. ಬೆಳಗಾಗುತ್ತಲೇ ಗಾಡಿ ಕಟ್ಟಿಕೊಂಡು ಹೋದರು. ಅತ್ತೆ ಅಂದು ಊಟ ಮಾಡಲಿಲ್ಲ.

ಸಂಜೆ ಮಾವನವರು ಬಂದರು. ಹೆಗಲ ಮೇಲೆ ಬಂದೂಕಿತ್ತು! ಅರ್ಧ ನಂಬರು ನೋಡಿ ಗುಮಾಸ್ತ ಜಮಾ ಮಾಡಿಕೊಳ್ಳಲು ಹೊರಟಿದ್ದನಂತೆ. ಕಡೆಯ ಸಲ ಎಂದು ಉರ್ದು ದಫ್ತರಿನಲ್ಲಿ ಗುರುತಿನ ಸಾಲಿನ ಮೇಲೆ ಬೆರಳಿಟ್ಟು ಓದಿದನಂತೆ: ನಳಿಕೆಯ ಮೇಲೆ ಮೂರು ಬಿಳಿ ಪಟ್ಟಿ.

ಅತ್ತೆ ಪಕ್ಕದಲ್ಲೇ ನಿಂತಿದ್ದರೂ ಮಾವನವರು ನನ್ನ ಕಡೆ ತಿರುಗಿ, "ನಿಮ್ಮತ್ತಿಗೆ ಹೇಳವಾ, ಸೋಮವಾರ ತಪ್ಪಿಸಬ್ಯಾಡಂತ," ಎಂದರು.

ಅತ್ತೆಯೂ ನನ್ನನ್ನೇ ನೋಡಿದರು. "ನಿಮ್ಮ ಮಾವಗ ಕೇಳವಾ, ಎಣ್ಣಿ ಕೈಲೇ ಹಚ್ಚಲೋ, ತೊಳಕೊಂಡು ಹಚ್ಚಲೋ?"